ಹಿಂದಿನವನ ಹೊಣೆ

ಧಾರವಾಡದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ, ಅಮ್ಮಿನಭಾವಿಯ ಆಚೆ, 2025ರ ನವೆಂಬರ್ ತಿಂಗಳಿನ ಒಂದು ಶುಕ್ರವಾರ ಮುಂಜಾನೆ ಒಂದು ಕಾರು ಮತ್ತೊಂದರ ಬೆನ್ನಿಗೆ ಗುದ್ದಿತು. ಪತ್ರಿಕೆಗಳಲ್ಲಿ ಸುದ್ದಿಯಾಗುವಂಥ ಅಪಘಾತ ಅದಲ್ಲ. ಮುಂದಿದ್ದ ಬಾಡಿಗೆ ಕಾರಿನ ಬಂಪರು ಸೀಳಿತು, ಡಿಕ್ಕಿಯ ಬಾಗಿಲು ಒಳಗೆ ತಗ್ಗಿತು; ಹಿಂದಿನ ಕಾರಿನ ಮುಂಜಾಲರಿ ಮುರಿದು ಒಂದು ದೀಪ ಪುಡಿಯಾಯಿತು. ರಕ್ತ ಬರಲಿಲ್ಲ. ಬಾಡಿಗೆ ಕಾರಿನಲ್ಲಿದ್ದ ಮುದುಕಿಯೊಬ್ಬಳು ಮಾತ್ರ ಕೆಳಗಿಳಿದು, ಕತ್ತಿನ ಹಿಂಭಾಗವನ್ನು ಅಂಗೈಯಿಂದ ಒತ್ತಿಕೊಳ್ಳುತ್ತ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಳು.

ಹಿಂದಿನ ಕಾರನ್ನು ನಡೆಸುತ್ತಿದ್ದವರು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಕಲಿಸಿ ನಿವೃತ್ತರಾದ ಮಾಸ್ತರರು. ಸವದತ್ತಿಯಲ್ಲಿ ನೆಂಟರ ಮದುವೆಗೆ ಹೊರಟಿದ್ದರು. ಮುಂದಿನ ಕಾರನ್ನು ನಡೆಸುತ್ತಿದ್ದವನು ಇಪ್ಪತ್ತೈದರ ಆಸುಪಾಸಿನ ತರುಣ. ಎಲ್ಲಮ್ಮನ ಗುಡ್ಡಕ್ಕೆ ಯಾತ್ರಿಕರನ್ನು ಕರೆದುಕೊಂಡು ಹೋಗುತ್ತಿದ್ದ.

ಚಹಾದ ಅಂಗಡಿಯ ಮುಂದೆ ಕುಳಿತಿದ್ದವರೆಲ್ಲ ಎದ್ದು ಬಂದರು. ಇಂಥ ಕಡೆ ನ್ಯಾಯಾಲಯ ಕೂಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಬಿಳಿಯ ಧೋತರ, ನರೆತ ತಲೆ, ಕನ್ನಡಕ—ಇವನ್ನು ಕಂಡ ಕೂಡಲೆ ಅರ್ಧ ತೀರ್ಪು ಆಗಿಹೋಗಿತ್ತು. ಗುಂಪಿನಲ್ಲಿ ಹಿರಿಯನಾಗಿದ್ದವನೊಬ್ಬ ತರುಣನನ್ನು ಗದರಿಸಿದ:

"ನಡು ರಸ್ತೇದಾಗ ಹಿಂಗ ಗಕ್ಕನ ನಿಂದರಸ್ತಾರೇನೋ ತಮ್ಮಾ? ಹಿಂದ ಹಿರ್ಯಾರು ಬರಾಕತ್ತಾರ ಅನ್ನೂ ಖಬರ ಬ್ಯಾಡಾ?"

"ಆಡಿನ ಮರಿ ಅಡ್ಡ ಬಂತ್ರೀ ಯಪ್ಪಾ."

"ಎಲ್ಲೈತಿ ಮರಿ? ತೋರಸು ನೋಡೂಣು."

ಜನ ನಕ್ಕರು. ರಸ್ತೆಯ ಮೇಲೆ ಮರಿ ಇರಲಿಲ್ಲ. ಯಾರೋ ಕೈ ಮಾಡಿರಬೇಕು, ಇನ್ನೊಂದು ಸವಾರಿಯ ಆಸೆಗೆ ಬ್ರೇಕು ಒತ್ತಿದ್ದಾನೆ ಎಂದು ಒಬ್ಬ ಹೇಳಿದ. ಉಳಿದವರಿಗೆ ಅದು ಸರಿಯೆನಿಸಿತು. ಅವರವರ ಗಾಡಿಯನ್ನು ಅವರವರೇ ಮಾಡಿಸಿಕೊಳ್ಳಬೇಕೆಂದು ನಿಕಾಲಿಯಾಯಿತು. ತರುಣ ಏನನ್ನೋ ಹೇಳಹೋಗಿ ಸುಮ್ಮನಾದ. ಯಾತ್ರಿಕರು ಹೊತ್ತಾಯಿತೆಂದು ಗೊಣಗುತ್ತಿದ್ದರು.

ಮಾಸ್ತರರು ಮರಿಯನ್ನು ಕಂಡಿದ್ದರು. ಕಂದು ಬಣ್ಣದ್ದು, ಒಂದು ಕಿವಿ ಬಿಳಿದು. ಗುದ್ದಿದ ಮರುಕ್ಷಣವೇ ಅದು ಮುಂದಿನ ಕಾರಿನ ಎಡಬದಿಯಿಂದ ಚಿಮ್ಮಿ ಮೊಳಕಾಲೆತ್ತರದ ಜೋಳದ ಹೊಲಕ್ಕೆ ಇಳಿದದ್ದನ್ನು ಆ ರಸ್ತೆಯಲ್ಲಿ ಅವರೊಬ್ಬರೇ ನೋಡಿದ್ದರು. ಹೇಳಬೇಕೆಂದು ತುಟಿ ತೆರೆದರು. ಅಷ್ಟರಲ್ಲಿ ಯಾರೋ ಒಂದು ಕಪ್ಪು ಚಹಾ ತಂದು ಕೈಗಿತ್ತರು. ಇನ್ನೊಬ್ಬರು ಕೂಡಲು ಕುರ್ಚಿ ಹಾಕಿದರು. ಅವರು ಕುಡಿದರು, ಕುಡಿದು, ಹೊರಟುಹೋದರು.

ಬೀದಿಯ ಈ ನ್ಯಾಯಕ್ಕೂ ಅದರದೇ ಆದ ಸೂತ್ರಗಳುಂಟು. ಲಾರಿಗೂ ಕಾರಿಗೂ ತಾಗಿದರೆ ತಪ್ಪು ಲಾರಿಯದು. ಕಾರಿಗೂ ಸೈಕಲ್ಲಿಗೂ ತಾಗಿದರೆ ಕಾರಿನದು. ಊರವನಿಗೂ ಪರ ಊರವನಿಗೂ ಆದರೆ ಪರ ಊರವನದು. ಬಡವನ ಕೈ ಹಿಡಿಯುವ ಸದ್ಬುದ್ಧಿ ಅದರಲ್ಲಿ ಒಮ್ಮೊಮ್ಮೆ ಇದೆಯೆಂಬುದು ನಿಜ. ಆದರೆ ಅದು ಕೇಳುವುದು ಯಾರು ಎಂಬುದನ್ನು, ಏನಾಯಿತು ಎಂಬುದನ್ನಲ್ಲ. ಆ ದಿನ ಅದು ವಯಸ್ಸಿಗೂ ವೇಷಕ್ಕೂ ಮರ್ಯಾದೆ ಕೊಟ್ಟಿತು. ಆ ಮರ್ಯಾದೆಯ ಬೆಲೆಯನ್ನು ತರುಣನ ಕಿಸೆಯಿಂದ ತೆಗೆಯಿತು.

ಮದುವೆಯ ಊಟ ಮಾಸ್ತರರಿಗೆ ರುಚಿಸಲಿಲ್ಲ. ರಾತ್ರಿ ಮನೆಯಲ್ಲಿ ಹಳೆಯ ಅಭ್ಯಾಸದಂತೆ ಒಂದು ಹಾಳೆ ತೆಗೆದುಕೊಂಡು ಕುಳಿತರು. ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದ ಲೆಕ್ಕವೇ ಅದು. ವೇಗ ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಮುಂದಿನ ಗಾಡಿಯ ಕೆಂಪು ದೀಪವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಎಚ್ಚರದಿಂದಿರುವವನಿಗೂ ಸುಮಾರು ಒಂದು ಸೆಕೆಂಡು ಹೋಗುತ್ತದೆ. ಆ ಒಂದು ಸೆಕೆಂಡಿನಲ್ಲಿ ಗಾಡಿ ಏನೂ ಆಗಿಲ್ಲವೆಂಬಂತೆ 10 ಮೀಟರು ಮುಂದೆ ಹೋಗಿರುತ್ತದೆ. ಅನಂತರವಷ್ಟೆ ಬ್ರೇಕಿನ ಕೆಲಸ. ಎರಡೂ ಗಾಡಿಗಳು ಸಮನಾಗಿ ಬ್ರೇಕು ಹಿಡಿದರೆ, ನಡುವೆ ಬೇಕಾದ ಅಂತರ ಈ ಗ್ರಹಿಕೆಯ ಕಾಲದಲ್ಲಿ ಓಡಿದ ದೂರವಷ್ಟೇ: 10 ಮೀಟರು. ಇದ್ದದ್ದೆಷ್ಟು?

ಇಲ್ಲಿ ಅವರಿಗೆ ಒಂದು ಸಾಕ್ಷ್ಯ ದೊರೆಯಿತು. ಬಾಡಿಗೆ ಕಾರಿನ ಹಿಂದಿನ ಗಾಜಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಚಾಲಕನ ದೂರವಾಣಿ ಸಂಖ್ಯೆ ಬರೆದಿತ್ತು. ಗಣಿತದವರ ಚಟ, ದಾರಿಯುದ್ದಕ್ಕೂ ಅವರು ಆ ಹತ್ತು ಅಂಕಿಗಳನ್ನು ಕೂಡುತ್ತ, ಒಂಬತ್ತರಿಂದ ಭಾಗಿಸುತ್ತ ಬಂದಿದ್ದರು. ಸಂಖ್ಯೆ ಇನ್ನೂ ಬಾಯಿಪಾಠವಿತ್ತು. ಅದನ್ನು ಓದುವಷ್ಟು ಹತ್ತಿರದಲ್ಲಿ, ಅದನ್ನು ಓದುವುದರಲ್ಲೇ ಮಗ್ನರಾಗಿ ಅವರು ಬರುತ್ತಿದ್ದರು! ಎರಡು ಕಾರಿನ ಉದ್ದ, ಎಂದರೆ ಎಂಟು ಮೀಟರಿಗಿಂತ ಹೆಚ್ಚು ಅಂತರವಿದ್ದಿರಲಾರದು.

ಕೊರತೆ ಎರಡೇ ಮೀಟರು. ಎರಡು ಮೀಟರೆಂದರೆ ಮೆಲ್ಲಗೆ ತಾಗಿ ನಿಲ್ಲಬೇಕಿತ್ತಲ್ಲ ಎನಿಸುವುದು ಸಹಜ. ಲೆಕ್ಕ ಹಾಗೆ ಹೇಳುವುದಿಲ್ಲ. ಸೆಕೆಂಡಿಗೆ ಆರು ಮೀಟರಿನಂತೆ ವೇಗವನ್ನು ತಗ್ಗಿಸುವ ಬ್ರೇಕಿಗೆ ಎರಡು ಮೀಟರು ಕಡಿಮೆ ಬಿದ್ದರೆ, ತಾಗುವ ಹೊತ್ತಿಗೆ ಗಂಟೆಗೆ ಹದಿನೇಳು ಕಿಲೋಮೀಟರಿಗೂ ಮೀರಿದ ವೇಗ ಉಳಿದಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆಂಬ ವರ್ಗದ ನಿಯಮವೇ ಇಲ್ಲಿ ತಿರುಗಿ ನಿಂತು, ಹೆಚ್ಚಿನ ಭಾಗವನ್ನು ಕೊನೆಯ ಎರಡು ಮಾರಿನಲ್ಲಿ ವಸೂಲು ಮಾಡುತ್ತದೆ. ಬಂಪರು ಸೀಳಿದ್ದೂ ಮುದುಕಿಯ ಕತ್ತು ಹಿಂದಕ್ಕೆ ಎಳೆದದ್ದೂ ಆ ಎರಡು ಮೀಟರಿನಿಂದ. ಹಾಗೆ ಜಗ್ಗಿದ ಕತ್ತಿನ ನೋವು ಅದೇ ದಿನ ಕಾಣದೆ ಮರುದಿನ ಕಾಣಿಸಿಕೊಳ್ಳುವುದೂ ಉಂಟು. ಇದು ನೆನಪಾದ ಮೇಲೆ ಅವರಿಗೆ ನಿದ್ದೆ ಬರಲಿಲ್ಲ.

ಮರುದಿನ ಅವರು ಧಾರವಾಡದಲ್ಲಿ ವಕೀಲನಾಗಿರುವ ತಮ್ಮ ಹಳೆಯ ಶಿಷ್ಯನನ್ನು ಕಂಡರು. ಕಾನೂನು ತಿಳಿಯುವುದಕ್ಕಷ್ಟೇ ಹೋದೆವೆಂದು ಹೆಂಡತಿಗೆ ಹೇಳಿದರು. ಬಿಡುಗಡೆಯ ಬಾಗಿಲೊಂದು ಇದ್ದರೆ ಇರಲಿ ಎಂಬ ಆಸೆಯೂ ಇದ್ದಿರಬೇಕು.

ಶಿಷ್ಯ ಹೇಳಿದ್ದು ಕುತೂಹಲಕರವಾಗಿತ್ತು. 1989ರ ರಸ್ತೆ ನಿಯಮಾವಳಿಯಲ್ಲಿ 23 ಮತ್ತು 24ನೆಯ ನಿಯಮಗಳು ಅಕ್ಕಪಕ್ಕದ ಮನೆಯವರಿದ್ದಂತೆ. ಮುಂದಿನ ವಾಹನ ಹಠಾತ್ತನೆ ನಿಧಾನವಾದರೂ ನಿಂತರೂ ತಾಗದಷ್ಟು ಅಂತರವನ್ನು ಹಿಂದಿನವನು ಇಟ್ಟುಕೊಳ್ಳಬೇಕೆಂದು 23 ಹೇಳುತ್ತಿತ್ತು. ಸುರಕ್ಷತೆಯ ಕಾರಣವಿಲ್ಲದೆ ಯಾರೂ ಹಠಾತ್ತನೆ ಬ್ರೇಕು ಹಾಕತಕ್ಕದ್ದಲ್ಲವೆಂದು 24. 2017ರಲ್ಲಿ ಆ ನಿಯಮಾವಳಿಯ ಸ್ಥಾನದಲ್ಲಿ ಹೊಸದು ಬಂದಿತು. ಅಂತರ ಕಾಯುವ ಹೊಣೆ ಅದರಲ್ಲಿಯೂ ಹಿಂದಿನವನದೇ. ಸಾಕಷ್ಟು ಅಂತರವೆಂದರೆ ಎಷ್ಟು? 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ನಿಶಾನ್ ಸಿಂಗ್ ಪ್ರಕರಣದಲ್ಲಿ ಕಾರೊಂದು ಹತ್ತು ಹದಿನೈದು ಅಡಿ ಮಾತ್ರ ಬಿಟ್ಟು ಟ್ರಕ್ಕಿನ ಹಿಂದೆ ಸಾಗಿ ಅದಕ್ಕೆ ಗುದ್ದಿತ್ತು. ನಿಯಮದಲ್ಲಿ ಅಳತೆ ಹೇಳಿಲ್ಲವಾದರೂ, ಅನುಕೂಲ ಸ್ಥಿತಿಯಲ್ಲಿ ಕನಿಷ್ಠ ಎರಡು ಮೂರು ಸೆಕೆಂಡುಗಳ ಅಂತರ ಬೇಕೆಂದು ನ್ಯಾಯಾಲಯ ಹೇಳಿ, ಕಾರಿನ ಚಾಲಕನ ಅಲಕ್ಷ್ಯವನ್ನು ಎತ್ತಿಹಿಡಿಯಿತು. ಮಾಸ್ತರರು ಮನಸ್ಸಿನಲ್ಲಿಯೇ ಗುಣಿಸಿದರು: ತಮ್ಮ ವೇಗಕ್ಕೆ ಇಪ್ಪತ್ತರಿಂದ ಮೂವತ್ತು ಮೀಟರು. ಇದ್ದದ್ದು ಎಂಟು.

ಹಾಗೆಂದು ಹಿಂದಿನವನೇ ಯಾವಾಗಲೂ ಸೋಲುತ್ತಾನೆಂದಲ್ಲ. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರಿ ಬಂದು ತಾಗಿದರೆ, ಮೂರನೆಯವನು ಹಿಂದಿನಿಂದ ನೂಕಿದ್ದಕ್ಕೆ ನಡುವಿನವನು ಮುಂದಿನವನಿಗೆ ಬಡಿದರೆ, ಕಾಯ್ದುಕೊಂಡ ಅಂತರದಲ್ಲಿ ಯಾರೋ ಅಡ್ಡ ನುಸುಳಿ ಬ್ರೇಕು ಹಾಕಿದರೆ ಮಾತು ಬೇರೆ. ಶಿಷ್ಯ 2025ರ ಜುಲೈ ತಿಂಗಳಿನ ಇನ್ನೊಂದು ತೀರ್ಪನ್ನೂ ತೋರಿಸಿದ. 2017ರಲ್ಲಿ ಕೊಯಮತ್ತೂರಿನ ಹೆದ್ದಾರಿಯಲ್ಲಿ, ಗರ್ಭಿಣಿ ಹೆಂಡತಿಗೆ ವಾಕರಿಕೆ ಬಂತೆಂದು ಒಬ್ಬ ಕಾರನ್ನು ಸೂಚನೆಯಿಲ್ಲದೆ ಗಕ್ಕನೆ ನಿಲ್ಲಿಸಿದ. ಹಿಂದೆ ಬರುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯ ಮೋಟಾರು ಸೈಕಲ್ಲು ಅದಕ್ಕೆ ತಾಗಿ, ಬಿದ್ದವನ ಮೇಲೆ ಬಸ್ಸು ಹರಿದು, ಅವನು ಒಂದು ಕಾಲನ್ನೇ ಕಳೆದುಕೊಂಡ. ಸುಪ್ರೀಂ ಕೋರ್ಟು ಹೊಣೆಯನ್ನು ಹಂಚಿತು: ಕಾರಿಗೆ ನೂರಕ್ಕೆ 50, ಬಸ್ಸಿಗೆ 30, ವಿದ್ಯಾರ್ಥಿಗೆ 20.

"ಅಂದ್ರ ಸರ್, ಮುಂದಿನಾಂವ ಕಾರಣಿಲ್ಲದ ನಿಂತಿದ್ರ ನಿಮ್ಮ ಪಾಲು ಕಡಿಮಿ ಆಗ್ತದ" ಎಂದ ಶಿಷ್ಯ. "ಕಾರಣ ಇತ್ತೇನ್ರಿ?"

ಮಾಸ್ತರರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮುಂದಿನವನು ನಿಧಾನವಾಗಿ ಬ್ರೇಕು ಹಿಡಿದಿದ್ದರೆ ಎಂಟು ಮೀಟರೇ ಸಾಕಾಗುತ್ತಿತ್ತೆಂಬುದನ್ನೂ ಅವರು ರಾತ್ರಿಯೇ ಲೆಕ್ಕ ಹಾಕಿದ್ದರು. ಹಾಳೆಯ ಮೂಲೆಯಲ್ಲಿ ಅದೊಂದು ಸಮಾಧಾನವಾಗಿ ಉಳಿದಿತ್ತು. ಆ ಸಮಾಧಾನಕ್ಕೂ ಅವರಿಗೂ ನಡುವೆ ಈಗ ಬಿಳಿಯ ಕಿವಿಯ ಮರಿಯೊಂದೇ ನಿಂತಿತ್ತು.

"ಇತ್ತು. ನಾನಽ ನೋಡೀನಿ."

ಶಿಷ್ಯನಿಗೆ ಸಂತೋಷವಾದದ್ದಕ್ಕಿಂತ ಗಾಬರಿಯಾದದ್ದೇ ಹೆಚ್ಚು. ಅವನು ವಿಮಾ ಪತ್ರವನ್ನು ಬಿಡಿಸಿ ಒಂದು ಷರತ್ತನ್ನು ಓದಿದ: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮಾದಾರನು ಯಾವ ತಪ್ಪೊಪ್ಪಿಗೆಯನ್ನೂ ಕೊಡಬಾರದು, ಹಣದ ಮಾತು ಆಡಬಾರದು, ಹಣ ಸಲ್ಲಿಸಲೂಬಾರದು. ಮುದುಕಿಯ ಕತ್ತಿನ ನೋವು ನಾಳೆ ದೊಡ್ಡದಾಗಿ ಪರಿಹಾರದ ಅರ್ಜಿಯಾದರೆ, ಇಂದಿನ ಸೌಜನ್ಯವೇ ಉರುಳಾದೀತು. ಷರತ್ತು ಅರ್ಥವಿಲ್ಲದ್ದಲ್ಲ, ಹಣ ಕೊಡುವವನು ಬೇರೆ, ಒಪ್ಪಿಕೊಳ್ಳುವವನು ಬೇರೆ ಆದಾಗ ಉದಾರತೆ ಅಗ್ಗವಾಗುತ್ತದೆ. ಆದರೂ, ತಪ್ಪು ಮಾಡಿದವನು ಎದ್ದು ನಿಂತು ಹೇಳಬೇಕೆಂದು ಹಿಂದಿನ ಬೆಂಚಿನ ಹುಡುಗರಿಗೆ ಮೂವತ್ತನಾಲ್ಕು ವರ್ಷ ಹೇಳಿದ ಮನುಷ್ಯ, ಎದ್ದು ನಿಲ್ಲಬಾರದೆಂಬ ಕಾಗದಕ್ಕೆ ವರ್ಷ ವರ್ಷವೂ ಕಂತು ಕಟ್ಟಿ ಬಂದಿದ್ದರೆಂಬುದು ಅವರಿಗೆ ಆ ದಿನವೇ ತಿಳಿದದ್ದು.

ಅವರು ಸ್ವಂತ ಕಾರಿಗೂ ವಿಮೆ ಕೇಳಲಿಲ್ಲ. ಐದು ವರ್ಷ ಏನನ್ನೂ ಕೇಳದೆ ಇದ್ದುದರಿಂದ ಕಂತಿನಲ್ಲಿ ದೊರೆಯುತ್ತಿದ್ದ ನೂರಕ್ಕೆ 50ರ ರಿಯಾಯಿತಿ ತಪ್ಪುತ್ತಿತ್ತು. ಜಾಲರಿ, ದೀಪಗಳ ಖರ್ಚು ಅದಕ್ಕಿಂತ ಕಡಿಮೆಯಿತ್ತು. ಬ್ಯಾಂಕಿನಿಂದ ಸ್ವಲ್ಪ ಹಣ ತೆಗೆದುಕೊಂಡು, ಬಾಯಿಪಾಠವಿದ್ದ ಸಂಖ್ಯೆಗೆ ಕರೆ ಮಾಡಿದರು. ಮೊದಲು ಕೇಳಿದ್ದು ಮುದುಕಿಯ ವಿಷಯ. ಎರಡು ದಿನ ನೋವಿತ್ತಂತೆ, ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ಕಡಿಮೆಯಾಗಿದೆಯಂತೆ.

ತರುಣನ ಕಾರು ಧಾರವಾಡದ ಒಂದು ಗ್ಯಾರೇಜಿನಲ್ಲಿ ನಿಂತಿತ್ತು. ಮೂರು ದಿನದ ಬಾಡಿಗೆ ತಪ್ಪಿತ್ತು. ಮಾಸ್ತರರು ಅಲ್ಲಿಗೆ ಹೋಗಿ, ಮಿಸ್ತ್ರಿಯ ಎದುರಿನಲ್ಲಿಯೇ ಹೇಳಿದರು:

"ಮರಿ ಅಡ್ಡ ಬಂದದ್ದು ಖರೆ. ನಾ ಕಂಡಿದ್ದೆ. ಅವತ್ತ ಹೇಳಲಿಲ್ಲ."

ತರುಣ ಅವರ ಮುಖ ನೋಡಿದ. ಸಿಟ್ಟು ಬಂದಂತೆಯೂ ಕಂಡಿತು. "ಅವತ್ತ ಹೇಳಿದ್ರ ಛಲೋ ಇತ್ತಲ್ರೀ ಸರ. ಅಷ್ಟೂ ಮಂದಿ ಮುಂದ ನನ್ನ ಸುಳ್ಳ ಮಾಡಿದ್ರು" ಎಂದ. ಅದಕ್ಕೆ ಮಾಸ್ತರರ ಬಳಿ ಉತ್ತರವಿರಲಿಲ್ಲ. ಬಂಪರಿನ ಹಣ ಎಣಿಸಬಹುದು. ಚಹಾದ ಅಂಗಡಿಯ ಮುಂದೆ ಹೋದದ್ದನ್ನು ಎಣಿಸಿ ಕೊಡುವುದು ಹೇಗೆ?

ಮಿಸ್ತ್ರಿ ಚೀಟಿ ಬರೆದು ಕೊಟ್ಟ. ತರುಣ ಅದನ್ನು ಓದಿ, ಪೆನ್ನು ಇಸಿದುಕೊಂಡು ಒಂದು ಸಾಲನ್ನು ಹೊಡೆದುಹಾಕಿದ. ಎಡಗಡೆಯ ಬ್ರೇಕಿನ ದೀಪ.

"ಇದು ನಿಮ್ಮ ಲೆಕ್ಕಕ್ಕ ಬ್ಯಾಡ್ರಿ. ವಾರದ ಹಿಂದಽ ಹೋಗಿತ್ತು. ಹಾಕಸೂಣು, ಹಾಕಸೂಣು ಅಂತ ಬಿಟ್ಟಿದ್ದೆ."

ಮಾಸ್ತರರು ಹೊಡೆದುಹಾಕಿದ ಸಾಲನ್ನು ಎರಡು ಸಲ ನೋಡಿದರು. ಆಮೇಲೆ ಉಳಿದ ಮೊತ್ತಕ್ಕೆ ಮೂರು ದಿನದ ಬಾಡಿಗೆಯನ್ನು ಕೂಡಿಸಿ ಎಣಿಸಿಕೊಟ್ಟರು. ಮುಂದಿನ ಶುಕ್ರವಾರ ತರುಣನ ಕಾರಿನಲ್ಲಿಯೇ ಅಮ್ಮಿನಭಾವಿಯ ಆಚೆಯ ಆ ಚಹಾದ ಅಂಗಡಿಗೆ ಹೋಗಿ ಬರುವುದೆಂದು ಇಬ್ಬರೂ ಮಾತನಾಡಿಕೊಂಡರು. ಅದಕ್ಕೆ ಬಾಡಿಗೆ ಎಷ್ಟೆಂದು ಮಾಸ್ತರರು ಕೇಳಿದಾಗ ತರುಣ, "ಚಹಾ ನಿಮ್ದಽ ಇರ್ಲಿ ಬಿಡ್ರಿ" ಎಂದ.