ಅಂಚಿನ ಅಂದ, ಬಡಗಿಯ ಕಾಯಕ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಬಾಚಿಕಾಯಕದ ಬಸವಯ್ಯನೆಂಬ ವಚನಕಾರನಿದ್ದನು. ಬಾಚಿಯೆಂದರೆ ಮರವನ್ನು ಕೆತ್ತಿ ಸಮಗೊಳಿಸುವ ಬಡಗಿಯ ಉಪಕರಣ. ಕಾಯಕವೇ ಆತನ ಹೆಸರಾಯಿತು. ಮನೆಯ ಗೋಡೆಗೆ ಮರದ ಪಟ್ಟಿ, ಛಾವಣಿಯಂಚಿಗೆ ಕಾರ್ನಿಸ್ ಕೂಡಿಸುವವರನ್ನು ಕಂಡಾಗ ಆ ಶರಣನ ನೆನಪಾಗುವುದು ಸಹಜ.

1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿಯ ಹಳೆಯ ಬಂಗಲೆಗಳಲ್ಲಿ ಕಿಟಕಿಯ ಮೇಲಿನ ಮರದ ‘ಮಂಕಿ ಟಾಪ್’ ನೋಟಕ್ಕೆ ಚೆಲುವು. ಬಿಸಿಲು ಮಳೆಗಳಿಗೂ ತಡೆ. 1948ರಲ್ಲಿ ಆರಂಭವಾದ ಜಯನಗರದ ಹಳೆಯ ಮನೆಗಳಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲವು ಗೋಡೆಯ ಬುಡದಲ್ಲಿ ಗೇಣೆತ್ತರ ಏರಿ ನಿಲ್ಲುತ್ತಿತ್ತು. ನೆಲ ಒರೆಸುವ ನೀರು ಸುಣ್ಣದ ಗೋಡೆಗೆ ತಾಕದಿರಲೆಂದು ಆ ಅಂಚು. ಅಂದಿನ ಅಲಂಕಾರಕ್ಕೆ ಒಂದು ದುಡಿಮೆಯೂ ಇತ್ತು. ಇಂದಿನ ಥರ್ಮೋಕೋಲಿನ ಪಟ್ಟಿಗಳಿಗೆ ಆ ಗೌರವ ಸಲ್ಲದು.

ಜಯನಗರದ ಅಂಥದೊಂದು ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ವಾಸವಾಗಿದ್ದರು. ಮಗಳ ಮದುವೆಗೆ ಇಪ್ಪತ್ತು ದಿನಗಳಿದ್ದವು. ಪಡಸಾಲೆಯ ಮೂಲೆಯಲ್ಲಿ ನೀರಿನ ಕಲೆ, ಉದುರುವ ಬಣ್ಣ, ಬಿಳಿಯ ಉಪ್ಪಿನ ಪುಡಿ. ಬೀಗರ ಕಣ್ಣಿಗೆ ಅದು ಬೀಳಬಾರದೆಂದು ಸುತ್ತಲೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಾರ್ನಿಸ್ ಕಟ್ಟಿಸಲು ನಿಶ್ಚಯಿಸಿದರು. ಬಂದ ಕೆಲಸಗಾರನು ಏಣಿಯೇರಿ, ಬೆರಳಿನಿಂದ ಗೋಡೆಯನ್ನೊತ್ತಿ ನೋಡಿ, ಇಳಿದು ಬಂದು ಕೆಲಸ ಬೇಡವೆಂದನು.

ಜಿಪ್ಸಮ್ಮನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲನ್ನು ಕಳೆದರೆ ಆ ಪುಡಿ ದೊರೆಯುತ್ತದೆ. ನೀರು ಬೆರೆತೊಡನೆ ಅದು ಮತ್ತೆ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾದ ಬಳಿಕವೂ ಬಿಡದೆ ಸೋರುವ ನೀರು ಅದನ್ನು ಮೆತ್ತಗಾಗಿಸುತ್ತದೆ. ತೇವದ ಗೋಡೆ ಅದನ್ನು ಹಿಡಿದುಕೊಳ್ಳುವುದೂ ಇಲ್ಲ. ಕೂತವರ ತಲೆಯ ಮೇಲೆ ಬಿದ್ದರೆ ಯಾರು ಹೊಣೆ ಎಂಬುದು ಆತನ ಪ್ರಶ್ನೆ. ಉಪಾಧ್ಯಾಯರು ಸಿಟ್ಟಾದರು, ಹೆಚ್ಚಿನ ಕೂಲಿಯ ಆಸೆ ತೋರಿದರು. ಮೂರು ದಿನದ ಸಂಪಾದನೆಯನ್ನು ಬಿಟ್ಟು ಆತ ಹೊರಟೇಹೋದನು. ದಿನಗೂಲಿಯವನಿಗೆ ಮೂರು ದಿನವೆಂದರೆ ಏನೆಂಬುದನ್ನು ಪಿಂಚಣಿಯ ಮನೆ ಬಲ್ಲುದೆ?

ಮರುದಿನ ಉಪಾಧ್ಯಾಯರು ತಾರಸಿಗೆ ಹತ್ತಿದರು. ಮಳೆನೀರಿನ ಕೊಳವೆಯ ಬಳಿ ಗಾರೆ ಬಿರಿದಿತ್ತು. ಅದನ್ನು ಮುಚ್ಚಿಸಿದರು; ಗೋಡೆ ಒಣಗಲು ತಿಂಗಳುಗಳೇ ಬೇಕಾದುದರಿಂದ ಮದುವೆ ಕಲೆಯ ಕೆಳಗೇ ನಡೆಯಿತು. ಬೀಗರಲ್ಲೊಬ್ಬರು ತಲೆಯೆತ್ತಿ ನೋಡಿ, ತಮ್ಮ ಮನೆಯ ಸೋರುವಿಕೆಯ ಕಥೆ ಹೇಳತೊಡಗಿದರಂತೆ.

ಬೇಸಿಗೆ ಕಳೆಯುವ ಮುನ್ನ ಅದೇ ಕೆಲಸಗಾರನನ್ನು ಹುಡುಕಿ ಕರೆಸಲಾಯಿತು. ಈ ಬಾರಿ ತೇಗದ ಪಟ್ಟಿ. ಹಳೆಯ ಮನೆಯ ಮೂಲೆ ಎಂದೂ ಸರಿಯಾಗಿ 90 ಡಿಗ್ರಿ ಇರುವುದಿಲ್ಲ. 45ಕ್ಕೆ ಕೊಯ್ದ ಎರಡು ತುಂಡುಗಳ ನಡುವೆ ಬಿರುಕು ಉಳಿಯುತ್ತದೆ. ಆತ ಮೊದಲ ಪಟ್ಟಿಯನ್ನು ಮೂಲೆಯವರೆಗೆ ನೇರವಾಗಿ ಕೂಡಿಸಿ, ಎರಡನೆಯದರ ತುದಿಯನ್ನು ಮೊದಲನೆಯದರ ಉಬ್ಬುತಗ್ಗಿಗೆ ತಕ್ಕಂತೆ ಸಣ್ಣ ಗರಗಸದಿಂದ ಕೊರೆದನು. ಒಂದೊಂದು ಮೂಲೆಗೂ ಅರ್ಧ ಗಂಟೆ. ಉಪಾಧ್ಯಾಯರು ಕೆಳಗೆ ಏಣಿ ಹಿಡಿದು ನಿಂತಿದ್ದರು.