ನಾಲ್ಕು ಕೈ, ಇಪ್ಪತ್ತನಾಲ್ಕು ಹೆಸರು

ಮೈಸೂರಿನಿಂದ ಸುಮಾರು 35 ಕಿ.ಮೀ. ದೂರದ ಸೋಮನಾಥಪುರಕ್ಕೆ ಹೋದವರೆಲ್ಲ ಶಿಲ್ಪಗಳ ಕುಸುರಿ ನೋಡಿ ಬೆರಗಾಗುತ್ತಾರೆ. ನಾನು ಈ ಸಲ ಅಲ್ಲಿ ಒಂದು ಲೆಕ್ಕವನ್ನೂ ನೋಡಿ ಬಂದೆ.

ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯವಿದು. ನಕ್ಷತ್ರದಾಕಾರದ ಜಗಲಿಯ ಮೇಲೆ ಪ್ರದಕ್ಷಿಣೆ ಹೊರಟೆ. ಗೋಡೆಯ ಮೇಲೆ ಹೆಜ್ಜೆಗೊಂದು ಮೂರ್ತಿ. ನಿಂತ ವಿಷ್ಣುವಿನ ಮೂರ್ತಿಗಳೇ ಹಲವು. ಮೊದಲ ನೋಟಕ್ಕೆ ಎಲ್ಲವೂ ಒಂದೇ: ನಾಲ್ಕು ಕೈ, ಶಂಖ, ಚಕ್ರ, ಗದೆ, ಪದ್ಮ. ಆದರೆ ಹೆಸರು ಬೇರೆ ಬೇರೆ. ಯಾವ ಕೈಯಲ್ಲಿ ಯಾವುದಿದೆ ಎಂಬುದರಲ್ಲೇ ಗುಟ್ಟಿದೆ.

ರೂಢಿಯಲ್ಲಿರುವ ಒಂದು ಪಟ್ಟಿಯಂತೆ, ಕೇಶವನ ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ. ಶಂಖ ಚಕ್ರಗಳನ್ನು ಅದಲುಬದಲು ಮಾಡಿದರೆ ಅವನೇ ಜನಾರ್ದನ!

ಮಕ್ಕಳೇ, ಹೀಗೆ ಎಷ್ಟು ರೂಪ ಸಾಧ್ಯ? ಮೊದಲ ಕೈಗೆ ನಾಲ್ಕರಲ್ಲಿ ಯಾವುದನ್ನಾದರೂ ಕೊಡಬಹುದು. ಎರಡನೆಯ ಕೈಗೆ ಉಳಿದ ಮೂರರಲ್ಲಿ ಒಂದು. ಅಲ್ಲಿಗೆ 4×3=12 ಬಗೆ. ಮೂರನೆಯ ಕೈಗೆ ಎರಡರಲ್ಲಿ ಒಂದು, ಕೊನೆಯದಕ್ಕೆ ಉಳಿದದ್ದು. ಒಟ್ಟು 4×3×2×1=24. ಪೂಜೆಗೆ ಕುಳಿತ ಅಜ್ಜ ಆಚಮನ ಮಾಡುತ್ತಾ ಕೇಶವ, ನಾರಾಯಣ, ಮಾಧವ ಎಂದು ಹೇಳುವ ಹೆಸರುಗಳೂ ಇಪ್ಪತ್ತನಾಲ್ಕೇ! ಕ್ರಮ ಬದಲಾದರೆ ಬೇರೆಯೆಂದು ಎಣಿಸುವ ಈ ಲೆಕ್ಕಕ್ಕೆ ಕ್ರಮಯೋಜನೆ ಎಂದು ಹೆಸರು.

ಈ ಗುಡಿ ಏಳುವ ಮೊದಲೇ, 1150ರಲ್ಲಿ, ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಜೊತೆಗೆ ಹತ್ತು ಕೈಗಳಲ್ಲಿ ಹತ್ತು ವಸ್ತು ಹಿಡಿದ ಶಿವನಿಗೆ ಎಷ್ಟು ರೂಪ ಎಂದೂ ಕೇಳಿದ್ದರು. ಉತ್ತರ 36,28,800!

ಗೋಡೆಯ ಕೆಲವು ಮೂರ್ತಿಗಳ ಕೈ ಮುರಿದಿವೆ. ಒಂದು ಕೈ ಹೋಗಿದ್ದರೆ ಚಿಂತೆಯಿಲ್ಲ. ಉಳಿದ ಮೂರನ್ನು ನೋಡಿ ನಾಲ್ಕನೆಯದನ್ನು ಹೇಳಬಹುದು. ಎರಡು ಹೋದರೆ ಎರಡು ಹೆಸರು ಸಾಧ್ಯ. ಕೆಳಗಿನ ಕೈಗಳ ಪದ್ಮ, ಗದೆ ಮಾತ್ರ ಉಳಿದಿದ್ದರೆ ಅವನು ಕೇಶವನೋ ಜನಾರ್ದನನೋ, ಕೈ ನೋಡಿ ಹೇಳಲಾಗದು. ಮೂರು ಹೋದರೆ ಆರು ಹೆಸರು. ನಾಲ್ಕೂ ಹೋದರೆ ಮತ್ತೆ ಇಪ್ಪತ್ತನಾಲ್ಕು. ದೇವರಿದ್ದಾನೆ, ಹೆಸರು ಕಳೆದುಹೋಗಿದೆ.

ನೀವು ಹೋದಾಗ ಕೈಗಳನ್ನು ಎಣಿಸಿ, ಹೆಸರು ಹುಡುಕಿ. ಮುಟ್ಟಬೇಡಿ. ಬಳಪದ ಕಲ್ಲು ಬಲು ಮೆದು. ಒಂದು ಬೆರಳು ಮುರಿದರೂ ಏಳೂವರೆ ಶತಮಾನ ಉಳಿದುಬಂದ ಗುರುತು ಹೋದೀತು.