ಶಾರ್ಡೊನೆಗೆ ಬೆಲೆ ಕಟ್ಟುವುದು

ಪುಣೆಯಲ್ಲಿ ‘ವೈನ್ ಶಾಪ್’ ಎಂಬ ಫಲಕ ಹೊತ್ತ ಅಂಗಡಿಗಳಲ್ಲಿ ಎಲ್ಲಕ್ಕಿಂತ ಕಡಮೆ ಸ್ಥಳ ಸಿಕ್ಕಿರುವುದು ವೈನಿಗೇ. ರಮ್ಮು, ವಿಸ್ಕಿ, ಬಿಯರುಗಳ ಗೋಡೆ ಮುಗಿದು, ಸೋಡಾ ಬಾಟಲಿಗಳು ಶುರುವಾಗುವ ಮೊದಲು ಒಂದು ಮೊಳ ಉದ್ದದ ಸಾಲು ಅದು. ಮೂವತ್ತು ವರ್ಷಗಳಿಂದ ಈ ಊರಿನಲ್ಲಿರುವ ನಾನು ಆ ಸಾಲಿನೆದುರು ಒಬ್ಬಳೇ ನಿಲ್ಲತೊಡಗಿದ್ದು ಎರಡು ವರ್ಷಗಳಿಂದೀಚೆಗೆ. ಅದುವರೆಗೆ ಬಾಟಲಿ ತರುವುದು ಇವರ ಕೆಲಸವಾಗಿತ್ತು. ತಿಂಗಳ ಮೊದಲ ಶನಿವಾರ ಒಂದು ಬಾಟಲಿ ಶಾರ್ಡೊನೆ. ಶನಿವಾರ ಅರ್ಧ, ಭಾನುವಾರ ಅರ್ಧ. ‘ಹೇಗಿದೆ?’ ಎಂದು ಕೇಳುತ್ತಿದ್ದರು, ‘ಚೆನ್ನಾಗಿದೆ’ ಎನ್ನುತ್ತಿದ್ದೆ. ಇಪ್ಪತ್ತು ವರ್ಷಗಳ ಕಾಲ ನಮ್ಮ ಮನೆಯಲ್ಲಿ ನಡೆದ ವೈನ್ ವಿಮರ್ಶೆ ಇಷ್ಟೇ.

ಇವರು ಹೋದ ಮೇಲೆ ಕೆಲವು ತಿಂಗಳು ಆ ಶನಿವಾರಗಳು ಹಾಗೆಯೇ ಕಳೆದವು. ಆಮೇಲೆ ಒಂದು ಸಂಜೆ ನಾನೇ ಹೋಗಿ ನಿಂತೆ. ಅಂಗಡಿಯ ಹುಡುಗ ‘ಆಜೀ, ಕಾಯ್ ಪಾಹಿಜೆ?’ ಎಂದಾಗ ಸುತ್ತಲಿನ ನಾಲ್ಕು ತಲೆಗಳು ತಿರುಗಿದವು. (1949ರ ಪಾನನಿರೋಧ ಕಾಯಿದೆಯಂತೆ ಈ ರಾಜ್ಯದಲ್ಲಿ ಕುಡಿಯುವವರು ಪರವಾನಗಿ ಇಟ್ಟುಕೊಳ್ಳಬೇಕು, ಆ ನಾಲ್ವರ ಜೇಬಿನಲ್ಲಿ ಅದಿತ್ತೆಂದು ನಾನು ನಂಬಲಾರೆ.) ಬ್ಯಾಂಕಿನ ಪಿಂಚಣಿಯಲ್ಲಿ ಈ ಬಾಬತ್ತಿಗೆ ನಾನು ಇಟ್ಟುಕೊಂಡದ್ದು ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ. ಈ ಹಣಕ್ಕೆ ಕುಡಿಯಲು ತಕ್ಕ ಶಾರ್ಡೊನೆ ಸಿಗುತ್ತದೆಯೆ ಎಂಬುದು ಪ್ರಶ್ನೆ. ಅದರ ಹಿಂದೆ ಇನ್ನೊಂದು ಪ್ರಶ್ನೆಯಿತ್ತು: ತಕ್ಕದ್ದು ಎಂದು ಹೇಳುವವರು ಈಗ ಯಾರು?

ಶಾರ್ಡೊನೆ ತನ್ನದೆಂಬ ಪರಿಮಳ ಅಷ್ಟಾಗಿ ಇಲ್ಲದ ದ್ರಾಕ್ಷಿ. ಬರ್ಗಂಡಿಯದು. ಪಿನೊ ಎಂಬ ಕುಲೀನ ತಳಿಗೂ ಗುವೆ ಬ್ಲಾಂ ಎಂಬ, ಫ್ರಾನ್ಸಿನವರು ಕೀಳೆಂದು ತಿರಸ್ಕರಿಸಿದ ತಳಿಗೂ ಹುಟ್ಟಿದ ಕೂಸು ಇದೆಂದು 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿದುಬಂತು. ಹಣ್ಣು ಮಾತನಾಡುವುದು ಕಡಮೆಯಾದ್ದರಿಂದ ಮಾಡಿದವರ ಕೈಯೇ ಹೆಚ್ಚು ಮಾತನಾಡುತ್ತದೆ. ಸೇಬಿನ ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳಿಂದ ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲವಾಗಿಸಿದರೆ ರುಚಿ ಮೃದುವಾಗಿ, ಬೆಣ್ಣೆಯ ವಾಸನೆ ಬರುತ್ತದೆ. ಓಕ್ ಮರದ ಪೀಪಾಯಿಯಲ್ಲಿಟ್ಟರೆ ವೆನಿಲ್ಲಾ, ಸುಟ್ಟ ಬ್ರೆಡ್ಡು, ಅಮೆರಿಕದ ಓಕ್ ಆದರೆ ಕೊಬ್ಬರಿ. 225 ಲೀಟರಿನ ಒಂದು ಪೀಪಾಯಿಗೆ ಮುನ್ನೂರೇ ಬಾಟಲಿ, ಪೀಪಾಯಿಯೋ ದುಬಾರಿ. ಹಾಗಾಗಿ ಅಗ್ಗದ ವೈನುಗಳಲ್ಲಿ ಉಕ್ಕಿನ ತೊಟ್ಟಿಗೆ ಓಕಿನ ಚಕ್ಕೆಗಳನ್ನು ಹಾಕಿ ಆ ವಾಸನೆ ಬರಿಸುವುದುಂಟು. ಚಹಾಕ್ಕೆ ಏಲಕ್ಕಿ ಹಾಕುವುದಕ್ಕೂ ಏಲಕ್ಕಿಯ ಎಸೆನ್ಸ್ ಹಾಕುವುದಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ನಾಸಿಕ, ಸೊಲ್ಲಾಪುರದ ಕಡೆ ಇನ್ನೊಂದು ತೊಡಕಿದೆ. ಅಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಬಳ್ಳಿ ಸವರಿ, ಜನವರಿಯಿಂದಾಚೆಗೆ ಕೊಯ್ಯುತ್ತಾರೆ. ಹಗಲ ಬಿಸಿಲಿಗೆ ಹಣ್ಣಿನ ಸಕ್ಕರೆ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಇಳಿದ ಹುಳಿಯನ್ನು ಸರಿದೂಗಿಸಲು ಟಾರ್ಟಾರಿಕ್ ಆಮ್ಲ ಸೇರಿಸುವುದು ಬೆಚ್ಚಗಿನ ನಾಡುಗಳಲ್ಲೆಲ್ಲ ಇರುವ ರೂಢಿ.

ಬೆಲೆಯ ವಿಷಯಕ್ಕೆ ಬಂದರೆ, ಹೊರದೇಶದ ವೈನಿನ ಮೇಲೆ ನಮ್ಮಲ್ಲಿ ಬಹುಕಾಲ ನೂರೈವತ್ತು ಪ್ರತಿಶತ ಆಮದು ಸುಂಕವಿತ್ತು. ಆಸ್ಟ್ರೇಲಿಯದ ಬಾಟಲಿಗಳಿಗೆ 2022ರ ಕೊನೆಯಿಂದ ತುಸು ರಿಯಾಯಿತಿ ದೊರೆತಿದೆ. ಇತ್ತ ಮಹಾರಾಷ್ಟ್ರ ಸರಕಾರ 2001ರ ದ್ರಾಕ್ಷಿ ಸಂಸ್ಕರಣಾ ನೀತಿಯಲ್ಲಿ ತನ್ನ ನೆಲದ ವೈನಿಗೆ ಅಬಕಾರಿ ವಿನಾಯಿತಿ ಕೊಟ್ಟಿತು. ಅಂದಮೇಲೆ ಚೀಟಿಯ ಮೇಲಿನ ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟು, ಹೆಚ್ಚಿನದು ಹೆಚ್ಚು ಒಳ್ಳೆಯದು ಎನ್ನುವುದಕ್ಕೆ ಅರ್ಥವಿಲ್ಲ. ಒಂದರಲ್ಲಿ ನಾವು ಕುಡಿಯುವುದರ ಬಹುಪಾಲು ಸುಂಕ.

ಪರಿಣತರನ್ನು ಕೇಳೋಣವೆಂದರೆ ಅವರ ಕಥೆಯೂ ಸ್ವಾರಸ್ಯವಾಗಿದೆ. 2007ರ ಕ್ಯಾಲಿಫೋರ್ನಿಯ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ಆ ರಾಜ್ಯದ ಅತ್ಯುತ್ತಮ ಶಾರ್ಡೊನೆ ಎನಿಸಿಕೊಂಡದ್ದು ಚಾರ್ಲ್ಸ್ ಶಾ, ಅಂದರೆ ಅಲ್ಲಿಯ ಅಂಗಡಿಯಲ್ಲಿ ಎರಡು ಡಾಲರಿಗೆ ಒಂದು ಸೆಂಟು ಕಡಮೆಗೆ ಸಿಗುತ್ತಿದ್ದ ಬಾಟಲಿ. ಬಡವರ ಗೆಲುವು ಎಂದು ಚಪ್ಪಾಳೆ ತಟ್ಟುವ ಮುನ್ನ ಇನ್ನೊಂದು ಸಂಗತಿ ಇದೆ. ಅದೇ ಸ್ಪರ್ಧೆಯ ತೀರ್ಪುಗಾರರಿಗೆ ರಾಬರ್ಟ್ ಹಾಜ್‌ಸನ್ ಎಂಬ ನಿವೃತ್ತ ಪ್ರಾಧ್ಯಾಪಕರು ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಸಲ ಕೊಡಿಸಿ ಅಂಕಗಳನ್ನು ಹೋಲಿಸಿದರು. ಮೂರು ಸಲವೂ ಹೆಚ್ಚುಕಡಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು. ಅಷ್ಟು ಸಾಕು ನನಗೆ. ಇನ್ನೊಬ್ಬರ ತೊಂಬತ್ತೆಂಟು ಅಂಕವನ್ನು ನೆಚ್ಚಿ ಪಿಂಚಣಿ ಕರಗಿಸಬೇಕಿಲ್ಲ.

ನಮ್ಮ ತಂದೆ ಸಾಗರದ ಮಂಡಿಗೆ ಅಡಿಕೆ ಹಾಕುತ್ತಿದ್ದವರು. ಅಲ್ಲಿ ವ್ಯಾಪಾರಸ್ಥರು ರಾಶಿಯಿಂದ ರಾಶಿಗೆ ಹೋಗಿ, ಒಂದು ಹಿಡಿ ತೆಗೆದು, ಅಡಕತ್ತರಿಯಿಂದ ನಾಲ್ಕು ಕತ್ತರಿಸಿ ಒಳಮೈ ನೋಡಿ, ಯಾರಿಗೂ ಕಾಣದಂತೆ ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಯಾವ ತೋಟದ್ದು, ಯಾರ ಮನೆಯದು ಎಂಬುದು ಚೀಟಿಯಲ್ಲಿ ಬರುವುದಿಲ್ಲ. ‘ಎಷ್ಟು ಅಂಕ’ ಎಂದು ಕೇಳಿದರೆ ನಾಲಿಗೆ ಧಾರಾಳವಾಗುತ್ತದೆ; ‘ಎಷ್ಟು ಕೊಡುತ್ತೀರಿ’ ಎಂದರೆ ಬಿಗಿಯಾಗುತ್ತದೆ. ಈ ಪದ್ಧತಿಯನ್ನೇ ಶಾರ್ಡೊನೆಗೂ ಹಚ್ಚಬಾರದೇಕೆ ಎನಿಸಿತು.

ಕಳೆದ ಡಿಸೆಂಬರಿನಲ್ಲಿ ನಮ್ಮ ಬಳಗದ ನಾಲ್ವರು ಮನೆಗೆ ಬಂದರು. ಮೂರು ಬಾಟಲಿ, ಖರ್ಚು ಸಮಪಾಲು. ಒಂದು ಈ ರಾಜ್ಯದ್ದೇ, ಓಕ್ ಸೋಂಕದ್ದು, 1,150 ರೂಪಾಯಿ. ಎರಡನೆಯದೂ ಇಲ್ಲಿಯದೇ, ಓಕ್ ಉಂಡದ್ದು, 1,900. ಮೂರನೆಯದು ಆಸ್ಟ್ರೇಲಿಯದ್ದು, 2,600. ಹೆಸರುಗಳನ್ನು ಬರೆಯುವುದಿಲ್ಲ, ಪ್ರಚಾರವೂ ಬೇಡ, ದೂರೂ ಬೇಡ. ಪಕ್ಕದ ಮನೆಯ ಹುಡುಗಿ ಒಳಗೆ ಮರಾಠಿ ಪತ್ರಿಕೆಯ ಹಾಳೆ ಸುತ್ತಿ ಒಂದು, ಎರಡು, ಮೂರು ಎಂದು ತನಗೆ ತೋಚಿದ ಕ್ರಮದಲ್ಲಿ ಗುರುತು ಹಾಕಿದಳು. ಮೂರೂ ಬರ್ಗಂಡಿ ಮಾದರಿಯ ಇಳಿಭುಜದ ಬಾಟಲಿಗಳಾದ್ದರಿಂದ ಆಕಾರದಿಂದ ಗುರುತು ಸಿಗುವಂತಿರಲಿಲ್ಲ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಟ್ಟೆವು. ತೀರ ತಣ್ಣಗಿನ ವೈನು ತನ್ನ ಗುಣವನ್ನೂ ದೋಷವನ್ನೂ ಒಟ್ಟಿಗೆ ಮುಚ್ಚಿಕೊಳ್ಳುತ್ತದೆ.

ಒಂದೇ ನಿಯಮ: ಇಂಗ್ಲಿಷಿನ ಕರಬೂಜ, ಪೀಚು, ಸಿಟ್ರಸ್ ಹೂಗಳು ಬೇಡ. ನಮ್ಮ ಬಾಯಿಗೆ ಬಂದ ಮಾತೇ ಬರಲಿ. ಆಮೇಲೆ ನೋಡಬೇಕಿತ್ತು! ಒಗರು, ಘಾಟು, ಕಮಟು, ಸಪ್ಪೆ, ಮುಗ್ಗಲು, ಬಾಯಿ ಜುಮ್ಮೆನ್ನುವ ಹುಳಿ, ಹಲ್ಲು ಚುಳ್ಳೆನ್ನುವ ಹುಳಿ. ಧಾರವಾಡದ ಹಿರಿಯರು ಮೊದಲ ಗ್ಲಾಸನ್ನು ಮೂಸಿ, ಕುಡಿದು, ‘ಅಕ್ಕಾರ, ಹುಣಸಿಹಣ್ಣು ತೊಳದ ನೀರ ಇದ್ದಂಗ ಐತ್ರಿ, ಆದ್ರ ತೊಳದವರು ಛಲೋ ತೊಳದಾರ’ ಎಂದರು. ನಕ್ಕೆವು. ಆದರೆ ಹುಣಸೆಯ ಹುಳಿಯೂ ಟಾರ್ಟಾರಿಕ್ ಆಮ್ಲವೇ. ಅವರ ನಾಲಿಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕುಂದಾಪುರದ ಗೆಳತಿಗೆ ಎರಡನೆಯದರಲ್ಲಿ ಕಂಡದ್ದು ಹಳೆಯ ಕೊಬ್ಬರಿ ಡಬ್ಬಿಯ ಮುಚ್ಚಳ. ನನಗೂ ಅದರಲ್ಲಿ ಬೆಣ್ಣೆ ಇತ್ತು, ಹೊಸ ಬೆಣ್ಣೆಯಲ್ಲ, ತುಪ್ಪ ಕಾಯಿಸಲು ತಡಮಾಡಿದ ಬೆಣ್ಣೆ. ಕೊನೆಗೆ ತುಸು ಕಹಿ. ಮೂರನೆಯದರ ಬಗ್ಗೆ ಎಲ್ಲರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅದರಲ್ಲಿ ಬೆಣ್ಣೆ, ಹುಳಿ, ಹಣ್ಣು ಮೂರೂ ಒಂದರ ಮೈಮೇಲೆ ಒಂದು ಬೀಳದೆ ಕುಳಿತಿದ್ದವು.

ಚೀಟಿಗಳನ್ನು ಬಿಚ್ಚಿದಾಗ ಒಂದನೆಯದಕ್ಕೆ 900ರಿಂದ 1,300ರ ತನಕ ಬಿದ್ದಿತ್ತು. ಮೂರನೆಯದಕ್ಕೆ 1,400ರಿಂದ 2,000. ಎಲ್ಲಕ್ಕಿಂತ ಮೇಲು, ಆದರೆ ಅದರ ನಿಜ ಬೆಲೆಯನ್ನು ಒಬ್ಬರೂ ಮುಟ್ಟಿರಲಿಲ್ಲ. ಎರಡನೆಯದಕ್ಕೆ 1,100, 800, 700. ಧಾರವಾಡದವರು ‘ಪುಕ್ಕಟೆ ಕೊಟ್ಟರೂ ಬ್ಯಾಡ’ ಎಂದು ಅಕ್ಷರದಲ್ಲಿ ಬರೆದಿದ್ದರು. ನನ್ನ ಚೀಟಿಯಲ್ಲಿ 600 ಇತ್ತು.

ಹುಡುಗಿ ಹಾಳೆ ಬಿಚ್ಚಿದಳು. ಒಂದನೆಯದು ಅಗ್ಗದ್ದು. ಎರಡನೆಯದು ಓಕಿನದು. ಕಳೆದ ಆರೇಳು ವರ್ಷ ಇವರು ತಿಂಗಳ ಮೊದಲ ಶನಿವಾರ ತಪ್ಪದೆ ತಂದದ್ದು ಅದೇ ಬಾಟಲಿ. ಆ ಗುಂಪಿನಲ್ಲಿ ಅದು ಇರಲೆಂದು ನಾನೇ ಬೇಕೆಂದು ಕೊಂಡಿದ್ದೆ. ಗೆಳತಿಗೆ ಗೊತ್ತಿತ್ತು, ಅವಳು ನನ್ನ ಮುಖ ನೋಡಿ, ‘ಅಂದಿನ ವರ್ಷದ್ದು ಬೇರೆ ಇರಬಹುದು ಅಕ್ಕ’ ಎಂದಳು. ಇರಬಹುದು. ಬೇಸಾಯದ ವಸ್ತು, ವರ್ಷ ವರ್ಷ ಬದಲಾಗುತ್ತದೆ. ಆದರೆ ಆ ಕೊಬ್ಬರಿ, ಆ ಕೊನೆಯ ಕಹಿ, ಎರಡೂ ನನಗೆ ಚೆನ್ನಾಗಿ ಪರಿಚಿತ. ಅವು ಆಗಲೂ ಇದ್ದವು. ‘ಚೆನ್ನಾಗಿದೆ’ ಎಂದು ನಾನು ಹೇಳುತ್ತಿದ್ದುದು ಶನಿವಾರದ ಕುರಿತು, ಎದುರಿನ ಕುರ್ಚಿಯ ಕುರಿತು; ಇವರೂ ಅದನ್ನೇ ಕೇಳುತ್ತಿದ್ದಿರಬೇಕು. ವೈನಿನ ಬೆಲೆ ಬೇರೆ ಲೆಕ್ಕ. ಆರುನೂರನ್ನು ನಾನು ತಿದ್ದಲಿಲ್ಲ.

ಒಬ್ಬಳೇ ಕುಡಿಯುವವಳಿಗೆ ಇನ್ನೊಂದು ಲೆಕ್ಕವಿದೆ, ಅದನ್ನು ಯಾವ ತೀರ್ಪುಗಾರರೂ ಹಾಕುವುದಿಲ್ಲ. 750 ಮಿಲಿಲೀಟರು ನನಗೆ ಐದು ದಿನದ ಬಾಬತ್ತು. ಮೊದಲ ಸಂಜೆಯ ಗ್ಲಾಸಿಗಿಂತ ಮೂರನೆಯ ಸಂಜೆಯ ಗ್ಲಾಸು ಹೇಗಿದೆ ಎಂಬುದರ ಮೇಲೆ ಬಾಟಲಿಯ ಮೌಲ್ಯ ನಿಂತಿದೆ. ಅಂದು ಉಳಿದ ಅರ್ಧರ್ಧವನ್ನು ಫ್ರಿಜ್ಜಿನಲ್ಲಿಟ್ಟು ದಿನವೂ ಒಂದೊಂದು ಗುಟುಕು ನೋಡಿದೆ. ಓಕಿನದು ಮೂರನೆಯ ದಿನಕ್ಕೆ ಜಜ್ಜಿದ ಸೇಬಿನಂತಾಯಿತು. ಆಸ್ಟ್ರೇಲಿಯದ್ದು ಮೊದಲಿನಷ್ಟೇ ದುಂಡಾಗಿತ್ತು. ಅಗ್ಗದ್ದರ ಪರಿಮಳ ಹೆಚ್ಚುಕಡಮೆ ಹೋಗಿತ್ತು, ಹುಳಿ ಮಾತ್ರ ನೆಟ್ಟಗಿತ್ತು; ಅಕ್ಕಿರೊಟ್ಟಿ, ಕಾಯಿಚಟ್ನಿಯ ಜೊತೆ ಅಷ್ಟೇ ಬೇಕಾದದ್ದು. ತಿರುಪಿನ ಮುಚ್ಚಳವಿರುವುದರಿಂದ ಮತ್ತೆ ಮುಚ್ಚುವುದೂ ಸಲೀಸು.

ಈಗ ಸಾಲಿನೆದುರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹನ್ನೊಂದು ತಿಂಗಳು ಅಗ್ಗದ್ದು, ಮಗಳು ಬಂದಾಗ ಆಸ್ಟ್ರೇಲಿಯದ್ದು. ಓಕಿನದರ ಒಂದು ಖಾಲಿ ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿದೆ, ಮನಿಪ್ಲಾಂಟ್ ಬಳ್ಳಿ ಹಾಕಿದ್ದೇನೆ. ಕಳೆದ ತಿಂಗಳು ಅಗ್ಗದ್ದರ ಬೆಲೆಗೆ ನಲವತ್ತು ರೂಪಾಯಿ ಕೂಡಿದೆ. ನನ್ನ ಚೀಟಿಗೆ ಇನ್ನೂ ಹತ್ತು ರೂಪಾಯಿ ಅವಕಾಶವಿದೆ.